ದೇವಿ ಹಾಡಿದ ಸ್ಪೂಲು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಮೊದಲು ಬಾಗಿಲಿಗೆ ಬಂದದ್ದು ಗ್ಯಾಸ್ ಸಿಲಿಂಡರ್.

“ನಂದನಣ್ಣ ಇಲ್ವ ಅಕ್ಕಾ? ಓಟಿಪಿ ಅವ್ರ ಮೊಬೈಲಿಗೇ ಹೋಗೋದು,” ಎಂದ ಸಿಲಿಂಡರ್ ಹೊತ್ತು ತಂದವನು. ಶಿರಸಿಗೆ ಹೊಸಬ. ಸುದ್ದಿ ಗೊತ್ತಿರಲಿಲ್ಲ.

“ತಡೀರಿ,” ಎಂದು ಪ್ರತಿಭಾ ಒಳಗೆ ಹೋದಳು. ಸತ್ತಿದ್ದಾರೆ ಎಂದು ಹೇಳಬಹುದಿತ್ತು. ಹೇಳಿದರೆ ಆತ ಸಿಲಿಂಡರ್ ಕೆಳಗಿಟ್ಟು ಕೈ ಕಟ್ಟಿ ನಿಲ್ಲಬೇಕಾಗುತ್ತಿತ್ತು. ಆಮೇಲೆ ಅವನನ್ನು ಇವಳೇ ಸಮಾಧಾನ ಮಾಡಬೇಕು.

ಪೊಲೀಸರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಗಂಡನ ಫೋನ್ ಹನ್ನೆರಡು ದಿನದಿಂದ ಬಿದ್ದಿತ್ತು. ಗಾಜು ಒಡೆದಿತ್ತು. ಚಾರ್ಜಿಗೆ ಹಾಕಿದಳು. ಬೆಳಕು ಬಂತು. ನಾಲ್ಕು ಅಂಕಿ ಬಂದವು. ಕೂಗಿ ಹೇಳಿದಳು.

ಆ ಅಂಕಿಗಳ ಕೆಳಗೆ ಮೂರು ದಿನ ಹಿಂದಿನ ಇನ್ನೊಂದು ಸಂದೇಶವಿತ್ತು. ಕಳಿಸಿದವರ ಹೆಸರು, ‘ಗಂಗಾ ಸುಕೇಳಿ’.

‘ಅಣ್ಣಾ, ನಮ್ಮ ಟ್ರೇ ಬೇಕಾಗಿತ್ತು. ಬಾಳೆಹಣ್ಣು ಹಣ್ಣಾಗಿ ಕೂತಿದೆ. ಫೋನ್ ಮಾಡಿದ್ರೂ ಹತ್ತೋದಿಲ್ಲ. ಆರಾಮಿದ್ದೀರಲ್ಲ?’

ಪ್ರತಿಭಾ ಎರಡು ಸಲ ಓದಿದಳು. ನಂದನ ಆರಾಮಿದ್ದಾನೆ ಎಂದು ನಂಬಿಕೊಂಡ ಒಬ್ಬಳು ಎಲ್ಲೋ ಇದ್ದಾಳೆ. ಒಂದು ಕ್ಷಣ ಆ ಗಂಗಾಳ ಮೇಲೆ ಹೊಟ್ಟೆಕಿಚ್ಚಾಯಿತು.

ಸುಕೇಳಿ ಎಂದರೆ ಒಣಗಿಸಿದ ಬಾಳೆಹಣ್ಣು. ಯಲ್ಲಾಪುರದ ಕಡೆ ಮಾಡುವವರು ಹೆಚ್ಚು. ಸಿದ್ದಾಪುರದ ನಿಲ್ಕುಂದಕ್ಕೆ ಹೋಗಿಬರುತ್ತೇನೆಂದು ಬೆಳಗಿನ ಜಾವ ಬೈಕ್ ಹತ್ತಿದ್ದ ನಂದನ, ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ, ಯಲ್ಲಾಪುರ ದಾಟಿ, ಇಡಗುಂದಿ ಹತ್ತಿರದ ಅರಬೈಲ್ ಘಟ್ಟದ ತಿರುವಿನಲ್ಲಿ ಮಧ್ಯಾಹ್ನ ಒಂದೂವರೆಗೆ ಬಿದ್ದು ಸಿಕ್ಕಿದ್ದ. ಬೆನ್ನಿನ ಚೀಲದಲ್ಲಿ ಹೆಡ್‌ಫೋನ್ ಒಂದೇ ಇತ್ತು. ಅಂದಿನಿಂದ ಮನೆಯಲ್ಲೂ ಕಾಣದ, ದೇವಿ ಹಾಡಿದ ಟೇಪಿನ ಸ್ಪೂಲು ಇರಲಿಲ್ಲ.

“ಕುಡಿ ಮಗಾ. ಸಕ್ಕರೆ ಹೆಚ್ಚಾಯ್ತೇನ,” ಎಂದು ಮಾವ ಕೆರಿಯಪ್ಪ ಚಾ ತಂದಿಟ್ಟರು.

ಹನ್ನೆರಡು ದಿನವೂ ಬೆಳಗಿನ ಚಾ ಅವರದೇ. ಮಗನನ್ನು ಕಳೆದುಕೊಂಡ ಮುದುಕ ಸೊಸೆಗೆ ಚಾ ಕಾಸಿ ಕೊಡುತ್ತಾನೆ. ಪ್ರತಿಭಾಗೆ ಅಳು ಬಂದಿರಲಿಲ್ಲ, ಮಾತೂ ಹೆಚ್ಚು ಬಂದಿರಲಿಲ್ಲ. ಆದರೆ ಈ ಲೋಟ ಕೈಗೆ ಬಂದಾಗಲೆಲ್ಲ ಎದೆಯಲ್ಲಿ ಏನೋ ಸ್ವಲ್ಪ ಅಲುಗುತ್ತಿತ್ತು.

“ಮಾವಾ, ಸುಕೇಳಿ ಮಾಡೋ ಗಂಗಾ ಅಂದ್ರೆ ಯಾರು?”

“ಯಾವ ಗಂಗಾನ? ಊರಿಗೊಬ್ಬಳು ಗಂಗಾ ಇರ್ತಾಳೆ.”

“ಇಡಗುಂದಿ ಕಡೆಯವಳಿರಬೇಕು.”

ಕೆರಿಯಪ್ಪ ಕಿಟಕಿಯ ಕಡೆ ನೋಡಿದರು. “ಅಂವ ಅಲ್ಲಿಗೆ ಎಂತಕ್ಕೆ ಹೋದ್ನ, ನಂಗಂತೂ ಇವತ್ತಿಗೂ ತಿಳೀಲಿಲ್ಲ ಮಗಾ.”

ಸ್ಪೂಲು ಕೇಳಿಸಬೇಕಾದ ಸೋಮವಾರಕ್ಕೆ ಇನ್ನು ಐದೇ ದಿನ.

*

‘ಕೆರೆಧ್ವನಿ’ ಎಂಬ ಧ್ವನಿಮುದ್ರಣ ಸಂಸ್ಥೆ ಹುಟ್ಟಿದ್ದು ಕೆರಿಯಪ್ಪನವರ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ, ಒಂದೇ ಶಟರು. ಬಾಗಿಲು ಮುಚ್ಚಿದ ಒಂದು ನಾಟಕ ಕಂಪನಿಯಿಂದ ಕೆರಿಯಪ್ಪ ಸ್ಪೂಲು ತಿರುಗುವ ರೆಕಾರ್ಡರ್ ಕೊಂಡು ತಂದಿದ್ದರು. ರಿಪೇರಿ ಮಾಡಿ ಮಾರಬೇಕೆಂದೇ ತಂದದ್ದು. ರಿಪೇರಿಯಾದ ಮೇಲೆ ಮಾರಲು ಮನಸ್ಸಾಗಲಿಲ್ಲ.

೧೯೮೯ರಲ್ಲಿ ಅದನ್ನು ಹೊತ್ತು ನಿಲ್ಕುಂದದ ಒಂದು ಮದುವೆ ಮನೆಗೆ ಹೋದರು. ಅಲ್ಲಿ ದೇವಿ ಎಂಬಾಕೆ ಗೋಡೆಗೆ ಹಸೆ ಚಿತ್ತಾರ ಬರೆಯುತ್ತ ಹಾಡುತ್ತಿದ್ದಳು. ಗೆರೆ ಎಳೆಯುವಾಗ ಹಾಡು ಉದ್ದವಾಗುತ್ತಿತ್ತು, ಚುಕ್ಕೆ ಇಡುವಾಗ ತುಂಡಾಗುತ್ತಿತ್ತು. ಆಕೆಯನ್ನು ಮೈಕಿನ ಮುಂದೆ ಸುಮ್ಮನೆ ಕೂರಿಸಿದರೆ ಹಾಡು ಬರಲಿಲ್ಲ. ಕೈಗೆ ಬಣ್ಣದ ಕಡ್ಡಿ ಕೊಟ್ಟ ಮೇಲೆ ಬಂತು.

ಮೊದಲು ಅರವತ್ತು ಕ್ಯಾಸೆಟ್. ಒಂದು ತಾಸಿನ ಕ್ಯಾಸೆಟ್ಟಿಗೆ ಹಾಡು ಇಳಿಸಲು ಒಂದು ತಾಸೇ ಬೇಕು. ರೇಡಿಯೋ ಬಿಚ್ಚುತ್ತ, ಬೆಸೆಯುತ್ತ ಕೆರಿಯಪ್ಪ ಆ ಹಾಡುಗಳನ್ನು ಅರವತ್ತು ಸಲ ಕೇಳಿದರು. ಹೊದಿಕೆಗೆ ರಬ್ಬರ್ ಸ್ಟಾಂಪು. ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಅವು ಹೋದದ್ದು ಬಸ್ ಕಂಡಕ್ಟರುಗಳ ಚೀಲದಲ್ಲಿ.

ಕ್ಯಾಸೆಟ್ ಹೋಗಿ ಸಿಡಿ ಬಂತು. ಸಿಡಿ ಹೋಗಿ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕಾಲ ಬಂತು. ಮಗ ನಂದನ ಎಲ್ಲವನ್ನೂ ಆ್ಯಪ್‌ಗಳಿಗೆ ಏರಿಸಿದ. ಹೋದ ವರ್ಷ ದೇವಿಯ ಹಾಡುಗಳನ್ನೇ ಮುನ್ನೂರು ಕಪ್ಪು ಗ್ರಾಮಫೋನ್ ತಟ್ಟೆಗಳಾಗಿ ಹೊರದೇಶದಲ್ಲಿ ಅಚ್ಚು ಹಾಕಿಸಿದ. ಕಾಲ ತಿರುಗಿ ಮತ್ತೆ ತಟ್ಟೆಯನ್ನೇ ಕೇಳುವವರು ಹುಟ್ಟಿದ್ದರು. ಮೂರು ತಾಲೂಕಿನ ನೂರಾ ನಲವತ್ತು ಧ್ವನಿಮುದ್ರಣಗಳು ಈಗ ಆ ಒಂದು ಶಟರಿನ ಹೆಸರಲ್ಲಿವೆ.

ಇಷ್ಟೂ ವರ್ಷ ಒಂದು ಪದ್ಧತಿ ಮಾತ್ರ ಬದಲಾಗಿರಲಿಲ್ಲ. ಧ್ವನಿ ತೆಗೆದ ಮೇಲೆ ಹಾಡಿದವರ ಮನೆಯಲ್ಲೇ ಕೂತು ಪೂರ್ತಿ ಕೇಳಿಸಬೇಕು. ಅವರು ತಮ್ಮ ಹೆಸರು, ಊರು, ದಿನ ಹೇಳಿ “ಆಗ್ಲಿ” ಎನ್ನಬೇಕು. ಅದೂ ಮುದ್ರಣವಾಗಬೇಕು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಕೆರಿಯಪ್ಪನವರಿಗೆ ಇಷ್ಟವಿರಲಿಲ್ಲ. ‘ಆಗ್ಲಿ’ ಮೂಲದ ಕೊನೆಯಲ್ಲಿ ಮಾತ್ರ ಇರುತ್ತಿತ್ತು, ಪ್ರತಿಗಳಿಗೆ ಇಳಿಸುತ್ತಿರಲಿಲ್ಲ. ಅದು ಮಾರುವ ಮಾತಲ್ಲ ಎಂದು.

ಈಗ ಹೊರಗಿನ ಕಂಪನಿಯೊಂದು ದೇವಿಯ ಹಾಡೆಲ್ಲ ತನ್ನದು ಎಂದು ನೋಟಿಸು ಕಳಿಸಿತ್ತು. ೨೦೦೪ರಲ್ಲಿ ಆಕೆ ಬರೆದುಕೊಟ್ಟಳೆಂದು ಹೆಬ್ಬೆಟ್ಟಿನ ಕಾಗದ ಜೊತೆಗಿಟ್ಟಿತ್ತು. ದೇವಿ ಈಗಿಲ್ಲ. ಅದಕ್ಕೂ ಹದಿನೈದು ವರ್ಷ ಮೊದಲಿನ ಆಕೆಯ ‘ಆಗ್ಲಿ’ ಇರುವುದು ಆ ಸ್ಪೂಲಿನ ಕೊನೆಯಲ್ಲಿ ಮಾತ್ರ. ಸೋಮವಾರದೊಳಗೆ ಅದನ್ನು ಕೇಳಿಸದಿದ್ದರೆ ಆ್ಯಪ್‌ಗಳು ಖಾತೆಯನ್ನೇ ಮುಚ್ಚುತ್ತವೆ, ನೂರಾ ನಲವತ್ತೂ ಕೆಳಗಿಳಿಯುತ್ತವೆ.

ಊರಿನಲ್ಲಿ ಇನ್ನೊಂದು ಮಾತೂ ಎದ್ದಿತ್ತು. ನಂದನನೇ ಸ್ಪೂಲನ್ನು ಆ ಕಂಪನಿಗೆ ಮಾರಿಕೊಂಡ. ಇಲ್ಲದಿದ್ದರೆ ಹೆಂಡತಿಗೆ ಸುಳ್ಳು ಹೇಳಿ ಹೋದದ್ದು ಯಾಕೆ?

ಪ್ರತಿಭಾ ಚಪ್ಪಲಿ ಮೆಟ್ಟಿ ಅಂಗಡಿಯ ದಾರಿ ಹಿಡಿದಳು.

*

ಅಂಗಡಿಯಲ್ಲಿ ಸುಭಾಷ್ ಕಪ್ಪು ತಟ್ಟೆಗಳನ್ನು ರಟ್ಟಿನಲ್ಲಿ ಸುತ್ತುತ್ತಿದ್ದ. ಬನವಾಸಿ ಕಡೆಯವನು, ನಂದನನ ಪಾಲುದಾರ, ಹದಿನಾಲ್ಕು ವರ್ಷದ ಜೊತೆ.

“ವೈನಿ! ನೀವ್ಯಾಕ ಬಂದ್ರಿ? ಹೇಳಿದ್ರ ನಾನಾ ಬರ್ತಿದ್ನೆಲ್ಲ. ಕುಂದರ್ರಿ.”

“ಕೂರೋದಿಲ್ಲ. ಸ್ವಲ್ಪ ಹುಡುಕೋದಿದೆ.”

“ಏನು?”

“ಗೊತ್ತಿಲ್ಲ. ಕಂಡರೆ ಗೊತ್ತಾಗುತ್ತೆ.”

ಸುಭಾಷ್ ಅಂಟಿನ ಟೇಪು ಹರಿಯುವುದನ್ನು ನಿಲ್ಲಿಸಿದ. ಪ್ರತಿಭಾ ಕಪಾಟು ನೋಡಿದಳು, ಮೇಜಿನ ಕೆಳಗೆ ನೋಡಿದಳು. ದೊಡ್ಡ ಸ್ಪೀಕರಿನ ಹಿಂದೆ ಗೋಡೆಗೆ ಒರಗಿಸಿ, ಮೇಲೆ ಗೋಣಿತಟ್ಟು ಮುಚ್ಚಿದ್ದ ಒಂದು ವಸ್ತು ಸಿಕ್ಕಿತು. ಸ್ಟೀಲಿನ ಚೌಕಟ್ಟು, ನಡುವೆ ಸಣ್ಣ ಕಣ್ಣಿನ ಜಾಲರಿ. ಊಟದ ಬಾಳೆಲೆಯಷ್ಟು ಅಗಲ.

“ಇದು ಎಂತದು ಸುಭಾಷ್?”

“ಅದಾ? ಹಳೇ ಸ್ಪೀಕರಿನ ಜಾಲರಿ. ಗುಜರಿಗೆ ಹಾಕೂಣಂತ ಇಟ್ಟೀನ್ರಿ.”

ಪ್ರತಿಭಾ ಜಾಲರಿಯನ್ನು ಮೂಗಿನ ಹತ್ತಿರ ತಂದಳು. “ನಿಮ್ಮ ಸ್ಪೀಕರ್ ಬಾಳೆಹಣ್ಣು ತಿನ್ನುತ್ತಾ?”

ಹನ್ನೆರಡು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ತಮಾಷೆ. ಇಬ್ಬರೂ ನಗಲಿಲ್ಲ.

ಜಾಲರಿಯ ಒಂದು ಮೂಲೆಯಲ್ಲಿ ಕಂದು ಪುಡಿ ಮೆತ್ತಿತ್ತು. ಉಗುರಿನಿಂದ ಕೆರೆದಳು. ಜಿಗುಟು. ಬಾಳೆಹಣ್ಣಿನದಲ್ಲ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಓದಿ ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುವವಳಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಟೇಪಿನ ಮೈಗೆ ಬಳಿದಿರುವ ಕಬ್ಬಿಣದ ಆಕ್ಸೈಡಿನ ಪುಡಿ ಅದು.

“ಈ ಟ್ರೇ ಮೇಲೆ ಟೇಪ್ ಇಟ್ಟಿದ್ರಿ.”

“ನನಗ ಗೊತ್ತಿಲ್ಲ.”

“ಪೊಲೀಸರ ಹತ್ರನೂ ಇದನ್ನೇ ಹೇಳಿದ್ರಿ. ಊರಲ್ಲಿ ನಿಮ್ಮ ಗೆಳೆಯ ಸ್ಪೂಲು ಮಾರಿಕೊಂಡ ಅಂತಿದ್ದಾರೆ. ಹತ್ತು ಜನ ನನ್ನ ಎದುರಿಗೇ ಅಂದ್ರು. ನೀವು ಅಲ್ಲೇ ಊಟಕ್ಕೆ ಎಲೆ ಹಾಕ್ತಾ ನಿಂತಿದ್ರಿ. ಒಂದು ಮಾತು ಆಡಲಿಲ್ಲ.”

“ವೈನಿ, ಬ್ಯಾಡ್ರಿ.”

“ಎಷ್ಟು ಕೊಟ್ರು ಕಂಪನಿಯವರು?”

ಸುಭಾಷ್ ರಟ್ಟನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದ.

“ನನಗ ಆಣಿ ಹಾಕಿದ್ದ ಅಂವ. ನಿಮಗ ಹೇಳಬಾರ್ದು ಅಂತ.”

“ನನಗೆ?”

“ನಿಮಗಾ. ಬ್ಯಾರೆ ಯಾರಿಗೆ ಹೇಳಿದ್ರೂ ನಡೀತೈತಿ, ಪ್ರತಿಭಾಗ ಮಾತ್ರ ಹೇಳಬ್ಯಾಡ ಅಂದ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಸ್ಪೂಲ್ ಎಲ್ಲಿ ಇಡ್ತಿದ್ರು ನಿಮ್ಮ ಮಾವ, ನೆನಪೈತೇನ್ರಿ?”

“ಅಟ್ಟದ ಮೇಲೆ. ಡಬ್ಬಿಯಲ್ಲಿ.”

“ಅಟ್ಟದ ಕೆಳಗ ಏನಿತ್ತು?”

ಪ್ರತಿಭಾ ಟ್ರೇಯನ್ನು ಮೇಜಿನ ಮೇಲಿಟ್ಟಳು.

ಅಟ್ಟದ ಕೆಳಗೆ ಒಲೆ ಇತ್ತು. ಬೀಜದ ಭತ್ತ ಇಡುವ ಹಾಗೆ ಕೆರಿಯಪ್ಪ ಸ್ಪೂಲುಗಳನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಮಳೆಗಾಲವಿಡೀ ಅಲ್ಲಿ ಬೆಚ್ಚಗೆ, ಒಣ. ಮದುವೆಯಾಗಿ ಬಂದ ವರ್ಷ ಹೊಗೆಗೆ ಕೆಮ್ಮು ಹಿಡಿದು ಪ್ರತಿಭಾ ಆ ಒಲೆ ತೆಗೆಸಿ ಗ್ಯಾಸ್ ಹಾಕಿಸಿದ್ದಳು. ಐದು ಮಳೆಗಾಲ ಅಟ್ಟಕ್ಕೆ ಶೀತ ಹತ್ತಿತ್ತು.

“ನೋಟಿಸ್ ಬಂದ ಮ್ಯಾಲೆ ಡಬ್ಬಿ ತೆಗದು ನೋಡಿದ್ವಿ,” ಎಂದ ಸುಭಾಷ್. “ಟೇಪಿನ ಸುತ್ತು ಒಂದಕ್ಕೊಂದು ಹತ್ಕೊಂಡಿದ್ದುವು. ತಿರುಗಿಸಿದ್ರ ಪುಡಿ ಉದುರ್ತಿತ್ತು. ‘ಒಲಿ ತೆಗಿಸಿದ್ದಕ್ಕ ಹಿಂಗಾತು ಅಂತ ಆಕಿ ಜೀವನಪೂರ್ತಿ ಮನಸ್ಸಿಗೆ ಹಚ್ಕೋತಾಳ, ಸರಿ ಮಾಡಿದ ಮ್ಯಾಲೆ ನಾನಾ ನಗಕೋತ ಹೇಳ್ತೀನಿ’ ಅಂದ.”

ಒಂದು ಸಂಜೆ ಊಟಕ್ಕೆ ಕೂತಾಗ ನಂದನ ಕೇಳಿದ್ದ: ಗೋಂದು ನೀರು ಕುಡಿದು ಜಿಗುಟಾದರೆ ಏನು ಮಾಡಬೇಕು? ಉತ್ತರಪತ್ರಿಕೆ ತಿದ್ದುತ್ತಿದ್ದ ಅವಳು ತಲೆ ಎತ್ತದೆ ಹೇಳಿದ್ದಳು: ಹದವಾದ ಬಿಸಿಗಾಳಿಯಲ್ಲಿ ಎಂಟು ತಾಸು ಒಣಗಿಸಬೇಕು, ಬಿಸಿ ಮಾತ್ರ ಐವತ್ತೈದು ಡಿಗ್ರಿ ದಾಟಬಾರದು. ಹೌದಾ ಎಂದು ಅವನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಿದ್ದ.

“ಮೊದಲು ಇಲ್ಲೇ ಪೆಟ್ಟಿಗಿಯೊಳಗ ಬಲ್ಬ್ ಹಚ್ಚಿ ಹಾಡಿಲ್ಲದ ಒಂದು ಹಳೇ ಟೇಪಿನ ಮ್ಯಾಲೆ ನೋಡಿದ್ವಿ. ಈ ಟ್ರೇ ತಂದಿದ್ದು ಅದಕ್ಕಾ. ಬಿಸಿ ಹೆಚ್ಚಾಗಿ ಸೊಟ್ಟ ಆತು. ಆಮ್ಯಾಲೆ ಅಲ್ಲೇ ಹೋಗಿ ಅವ್ರ ಮಷಿನ್ದಾಗ ಇಡ್ತೀನಂದ. ಸುಕೇಳಿ ಒಣಗಸೂದಕ್ಕ ಹದವಾದ ಬಿಸಿ ಇರ್ತೈತಂತ.”

“ಮತ್ತೆ ಪೊಲೀಸರಿಗೆ?”

“ಸ್ಪೂಲ್ ಕೆಟ್ಟೈತಿ ಅಂತ ಹೊರಗ ಬಿದ್ರ ಕಂಪನಿಯವ್ರು ಗೆದ್ದಂಗ ಅಲ್ಲೇನ್ರಿ? ಅದು ಎಲ್ಲೈತಿ ಅಂತ ನನಗೂ ಗೊತ್ತಿಲ್ಲ. ಘಟ್ಟದಾಗ ಮೂರು ದಿನ ಗಿಡಗಂಟಿ ಕೆದಕಿ ನೋಡೀನಿ.” ಅವನು ಪ್ಯಾಂಟು ಮೊಣಕಾಲಿಗೆ ಸರಿಸಿದ. ಕಾಲ ತುಂಬ ಮುಳ್ಳಿನ ಗೀರುಗಳು, ಅರ್ಧ ಒಣಗಿದ್ದವು.

ಪ್ರತಿಭಾ ಆ ಗೀರುಗಳನ್ನು ನೋಡಿದಳು.

“ನನ್ನ ಮಾತು ತಪ್ಪಾಯ್ತು,” ಎಂದಳು. “ಅವರ ಗುಟ್ಟು ನೀವು ಉಳಿಸಿಕೊಂಡ್ರಿ. ಇಷ್ಟು ಬೈಸಿಕೊಂಡೂ ಉಳಿಸಿಕೊಂಡ್ರಿ. ನಾನು ಇದನ್ನ ಮರೆಯೋದಿಲ್ಲ.”

“ಏ, ಬಿಡ್ರಿ ವೈನಿ. ಬೈದ್ರೆಲ್ಲ, ಅದಾ ಚಲೋ ಆತು. ನೀವು ಮಾತಾ ಆಡ್ವಲ್ರಿ ಅಂತ ಮನ್ಯಾಗ ನನ್ನ ಹೆಂಡ್ತಿ ಮಹೇಶ್ವರಿ ದಿನಾ ಅಳಾಕತ್ಯಾಳ.”

“ಗಾಡಿ ತೆಗೀರಿ,” ಎಂದಳು ಪ್ರತಿಭಾ. “ಈ ಟ್ರೇ ಕೊಟ್ಟುಬರೋಣ.”

*

ದಾರಿಯಲ್ಲಿ ಅಂಗಡಿಯೊಂದರ ಮುಂದೆ ಇಳಿದು ಒಂದು ಅಚ್ಚು ಬೆಲ್ಲ ಕೊಂಡು ಟ್ರೇ ಮೇಲಿಟ್ಟಳು. ಇಸಕೊಂಡು ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ತವರಿನಲ್ಲಿ ಕಲಿತದ್ದು. ಗಾಡಿ ಯಲ್ಲಾಪುರ ದಾಟಿತು. ಗಂಡ ತನಗೆ ಹೇಳಿದ ಒಂದೇ ಒಂದು ಸುಳ್ಳು ಯಾಕೆಂದು ಈಗ ಗೊತ್ತಾಗಿತ್ತು. ಅಷ್ಟು ಒಳ್ಳೆಯ ಸುಳ್ಳನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಇಡಗುಂದಿಯ ಮಹಿಳಾ ಸಂಘದ ಶೆಡ್ಡು ರಸ್ತೆಯಿಂದ ಸ್ವಲ್ಪ ಒಳಗೆ. ಬಾಗಿಲಲ್ಲೇ ಹಣ್ಣಿನ ಬಿಸಿ ವಾಸನೆ. ಬೀರುವಿನಂಥ ದೊಡ್ಡ ಯಂತ್ರವೊಂದು ಗುಂಯ್ಗುಡುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡ ಐವತ್ತರ ಹೆಂಗಸು ಬಾಳೆಹಣ್ಣು ಸುಲಿಯುತ್ತ ಕೂತಿದ್ದಳು.

“ಗಂಗಕ್ಕ ನೀವೇನಾ? ನಾನು ನಂದನ ಅವರ ಹೆಂಡತಿ.”

“ಅಯ್ಯ ಮಾರಾಯ್ತಿ, ಅಂತೂ ಟ್ರೇ ಬಂತು! ಎಲ್ಲಿ ನಿನ್ನ ಗಂಡ? ನಾಚಿಕೆಯಾಯ್ತಾ ಅವಂಗೆ? ಹೆಂಡ್ತಿನ ಮುಂದೆ ಮಾಡಿ ಹಿಂದೆ ಅಡಗಿದ್ದಾನಾ?”

ಅವಳು ನಗುತ್ತ ಬಾಗಿಲಾಚೆ ಇಣುಕಿದಳು. ಅಲ್ಲಿ ಸುಭಾಷ್ ತಲೆ ತಗ್ಗಿಸಿ ನಿಂತಿದ್ದ.

ಪ್ರತಿಭಾ ಹೇಳಿದಳು. ಹನ್ನೆರಡು ದಿನದಲ್ಲಿ ಆ ಮಾತನ್ನು ತಾನೇ ಬಾಯಿಬಿಟ್ಟು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಹೇಳಿ ಮುಗಿಸುವಷ್ಟರಲ್ಲಿ ಗಂಗಾ ಅಂಟು ಕೈಯಲ್ಲೇ ಅವಳನ್ನು ಅಪ್ಪಿಕೊಂಡಿದ್ದಳು.

“ಘಟ್ಟದಲ್ಲಿ ಬೈಕ್ ಬಿತ್ತು ಅಂತ ಕೇಳಿದ್ದೆ ತಂಗೀ. ಅದು ನಮ್ಮ ನಂದನಣ್ಣ ಅಂತ ಗೊತ್ತೇ ಆಗ್ಲಿಲ್ಲೆ. ಇಲ್ಲೇ ಕೂತು ಗಂಜಿ ಉಂಡು ಹೋದವನು!”

“ಅವತ್ತು ಇಲ್ಲಿಗೇ ಬಂದಿದ್ರಾ?”

“ಬೆಳಿಗ್ಗೆ ಏಳಕ್ಕೇ. ಚಕ್ರದ ಹಾಂಗಿಪ್ಪುದನ್ನ ಮಗುನ ಮಲಗಿಸಿದ ಹಾಂಗೆ ಮಷಿನಲ್ಲಿ ಇಟ್ಟ. ಎಂಟು ತಾಸು ಬಾಗಿಲು ತೆಗೀಬೇಡ ಅಂದ. ಅವತ್ತು ನಾವು ಬಾಳೆಹಣ್ಣೇ ಹಾಕಲಿಲ್ಲ. ಬಾಡಿಗೆ ಕೊಡಕ್ಕೆ ಬಂದ, ಬೈದೆ.” ಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಅಮ್ಮನ ಹಾಡು ನಿಮ್ಮ ಮಾವ ಇದೇ ಊರಿಗೆ ಬಂದು ತೆಗೆದದ್ದು. ಅಮ್ಮ ಹೋದಳು, ಕ್ಯಾಸೆಟ್ಟೂ ಹರಿದುಹೋಯ್ತು. ಹೋದ ವರ್ಷ ನಂದನಣ್ಣ ಬಂದು ಈ ಫೋನಿಗೆ ಅಮ್ಮನ್ನ ಹಾಕಿಕೊಟ್ಟ. ಈಗ ದಿನಾ ಹಣ್ಣು ಸುಲಿವಾಗ ಅವಳು ಹಾಡ್ತಾಳೆ. ಅದಕ್ಕೆ ನಾನೆಂತ ಬಾಡಿಗೆ ತಗಳಲಿ?”

ಪ್ರತಿಭಾಗೆ ಕಣ್ಣು ತುಂಬಿ ಬಂತು. ಬರಲಿ ಎಂದು ಬಿಟ್ಟಳು. ಈ ಹೆಂಗಸಿಗೆ, ಹೊರಗೆ ನಿಂತ ಸುಭಾಷನಿಗೆ, ಒಂದು ದಿನದ ವ್ಯಾಪಾರ ಬಿಟ್ಟುಕೊಟ್ಟ ಈ ಶೆಡ್ಡಿಗೆ, ಎಲ್ಲಕ್ಕೂ ಕೈ ಮುಗಿಯಬೇಕೆನಿಸಿತು. ನಂದನ ಮಾರಲಿಲ್ಲ. ಅವನು ಉಳಿಸಲು ಬಂದಿದ್ದ.

“ಹಾಗಾದ್ರೆ ಸ್ಪೂಲು ಇನ್ನೂ ಇಲ್ಲೇ ಇದೆಯಾ ಅಕ್ಕಾ?”

“ಇಲ್ಲಿ ಎಲ್ಲಿ? ಹನ್ನೆರಡೂವರೆಗೆ ಅವಂಗೆ ಒಂದು ಫೋನ್ ಬಂತು. ಮೂರಕ್ಕೆ ವಾಪಸ್ ಬರ್ತೆ ಅಂತ ಗಡಿಬಿಡಿಯಲ್ಲಿ ಹೋದ. ಬರಲಿಲ್ಲ. ಮಷಿನ್ ಗಂಟೆ ಹೊಡೆಯೋ ಹೊತ್ತಿಗೆ ಸರಿಯಾಗಿ ಅಪ್ಪನೇ ಬಂದ್ರಲ್ಲ.”

“ಯಾರ ಅಪ್ಪ?”

“ನಿನ್ನ ಮಾವ. ಕೆರಿಯಪ್ಪಣ್ಣ. ‘ನಂದ ಕಳಿಸಿದಾನೆ, ಕೊಡು’ ಅಂದ್ರು. ನಾನೇ ಕೈಯಾರೆ ತೆಗೆದು ಕೊಟ್ಟೆ. ಮಜ್ಜಿಗೆ ಕುಡಿದ್ರು, ಅಮ್ಮನ ಸುದ್ದಿ ಮಾತಾಡಿದ್ರು. ಬಟ್ಟೆಯಲ್ಲಿ ಸುತ್ತಿಕೊಂಡು ಶಿರಸಿ ಬಸ್ಸಿಗೆ ಹೋದ್ರು.”

“ಮೂರು ಗಂಟೆಗೆ?”

“ಹೌದೇ. ಏಳಕ್ಕೆ ಇಟ್ಟದ್ದು, ಎಂಟು ತಾಸು. ಮಷಿನ್ ಸುಳ್ಳು ಹೇಳ್ತದನ?”

ಒಂದೂವರೆಗೆ ನಂದನ ಘಟ್ಟದಲ್ಲಿ ಬಿದ್ದಿದ್ದ. ಸಂಜೆ ಆರಕ್ಕೆ ಪೊಲೀಸರ ಫೋನ್ ಬಂದಾಗ ಮಾವ ಮನೆಯಲ್ಲಿ ತಮ್ಮ ಕುರ್ಚಿಯಲ್ಲೇ ಇದ್ದರು. ‘ಇಡಗುಂದಿಯಾ? ಅಲ್ಲಿಗೆ ಎಂತಕ್ಕೆ ಹೋದ್ನ?’ ಎಂದು ಅವಳನ್ನೇ ಕೇಳಿದ್ದರು. ಸ್ಪೂಲು ಆಗಲೇ ಅವರ ಬಳಿ ಇತ್ತು.

“ಎಂತಾಯ್ತು ತಂಗೀ? ಮುಖ ಯಾಕೆ ಹಾಂಗಾಯ್ತು?”

ಪ್ರತಿಭಾ ಬೆಲ್ಲದ ಸಮೇತ ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿ ಗಂಗಾಳ ಕೈಗಿಟ್ಟಳು.

“ಅವರು ಇಸಕೊಂಡು ಹೋಗಿದ್ದು ಇದೊಂದೇ ಅಲ್ವಾ ಅಕ್ಕಾ? ಇದು ನಿಮಗೆ ಮುಟ್ಟಿತು,” ಎಂದಳು. “ನಾನು ಹುಡುಕ್ತಾ ಬಂದಿದ್ದು ನಮ್ಮ ಮನೆಯಲ್ಲೇ ಇದೆ.”